ನರಕದಲ್ಲಿ ನಾಲಿಗೆ ಚಾಚಿದವಳು

ಹಿರೀಸಾವೆಯ ಹೆದ್ದಾರಿ ಪಕ್ಕದ ಈಶ್ವರ ಭವನದಲ್ಲಿ ಎರಡು ಸಂಗತಿಗಳು ಪ್ರಸಿದ್ಧವಾಗಿದ್ದವು. ಒಂದು ತಟ್ಟೆ ಇಡ್ಲಿಯ ಜೊತೆ ಕೊಡುತ್ತಿದ್ದ ಹುರಿಗಡಲೆ ಚಟ್ನಿ, ಇನ್ನೊಂದು ನರಕ. ಚಟ್ನಿ ಮುಂಭಾಗದಲ್ಲಿ, ನರಕ ಹಿತ್ತಲಲ್ಲಿ. ತಿಂದು ಕೈ ತೊಳೆದವರು ಹಾಗೇ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದರೆ ಹಳೇ ಕೊಬ್ಬರಿ ಗೋಡೌನು ಸಿಗುತ್ತಿತ್ತು. ಅದರ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಯಮಲೋಕ ದರ್ಶನ’ ಎಂಬ ಬೋರ್ಡು, ಬೋರ್ಡಿನ ಕೆಳಗೆ ಮರದ ಸ್ಟೂಲು, ಸ್ಟೂಲಿನ ಮೇಲೆ ಟಿಕೆಟ್ಟು ಹರಿಯುತ್ತಾ ಗಂಗಾಂಬಿಕೆ. “ನರಕಕ್ಕೆ ನಾಲ್ಕು ಕೊಡಿ” ಎಂದು ಕೇಳಿದವರ ಮುಖವನ್ನು ಒಂದು ಗಳಿಗೆ ನೋಡಿ, “ಓಗಕ್ಕೆ ಮಾತ್ರವಾ, ವಾಪಸ್ ಬರಕ್ಕೂ ಬೇಕಾ?” ಎನ್ನುತ್ತಿದ್ದಳು.

ಈ ಬಾಯಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅರಕಲಗೂಡಿನ ಶಾಲೆಯಲ್ಲಿ ಓದುವಾಗ ಅವಳ ಗಂಟಲು ಎಷ್ಟು ಸಣ್ಣದೆಂದರೆ, ಹಾಜರಿ ಕೂಗಿದಾಗ “ಬಂದಿವ್ನಿ ಸಾ” ಅಂದದ್ದು ಮೇಷ್ಟ್ರಿಗೆ ಕೇಳಿಸದೆ, ಎದುರು ಬೆಂಚಿನಲ್ಲಿ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ತೊಂಬತ್ತೆರಡರಲ್ಲಿ ಹಿರೀಸಾವೆಯ ಈಶ್ವರಯ್ಯನ ಒಬ್ಬನೇ ಮಗ ಚಂದ್ರಮೌಳಿಗೆ ಅವಳನ್ನು ಕೊಟ್ಟಾಗ ಅತ್ತೆ ಮುದ್ದಮ್ಮ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದ ಗುಣವೂ ಅದೊಂದೇ. “ಹೆಣ್ಣು ಬಾಯಿ ಬಿಡಲ್ಲ ಕಣ್ರವ್ವ, ಕಲ್ಲು ಕಲ್ಲು ಇದ್ದಂಗವ್ಳೆ.”

ಕಲ್ಲು ಒಂದೇ ಒಂದು ಸಲ ಬಾಯಿ ಬಿಟ್ಟಿತು. ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದ ಯಾರೋ ದೊಡ್ಡ ಮನುಷ್ಯರು ಇಡ್ಲಿ ತಿಂದು, ಬೆರಳು ನೆಕ್ಕಿ, ಚಟ್ನಿ ಯಾರದಮ್ಮ ಅಂತ ಕೇಳಿದರು. ಗಲ್ಲಾ ಪಕ್ಕದಲ್ಲಿ ಕೂತಿದ್ದ ಮುದ್ದಮ್ಮ ಸೆರಗು ಸರಿಮಾಡಿಕೊಂಡು “ನಂದೇ ಸ್ವಾಮಿ, ನಮ್ಮವ್ವ ಕಲಿಸಿದ್ದು” ಎಂದಳು. ನೀರಿನ ಲೋಟ ಇಡುತ್ತಿದ್ದ ಗಂಗಾಂಬಿಕೆ, ಯೋಚನೆ ಮಾಡದೆ, “ಇಲ್ಲ, ಅದು ನಾನು ಅರೆದಿದ್ದು” ಅಂದುಬಿಟ್ಟಳು. ಸೊಕ್ಕಿನಿಂದ ಅಂದದ್ದಲ್ಲ. ಕೈಗಿನ್ನೂ ಮೆಣಸಿನಕಾಯಿ ಉರಿ ಇತ್ತು, ನಿಜ ಬಾಯಿಗೆ ಬಂತು. ದೊಡ್ಡ ಮನುಷ್ಯರು ನಕ್ಕರು. ಮುದ್ದಮ್ಮ ನಗಲಿಲ್ಲ. ಅವತ್ತು ರಾತ್ರಿ ಊಟಕ್ಕೂ ಬರಲಿಲ್ಲ.

ಇತ್ತ ಈಶ್ವರಯ್ಯನಿಗೆ ಬೇರೆಯೇ ತಲೆನೋವು. ರಸ್ತೆಯ ಆಚೆ ಬದಿಯ ಹೋಟೆಲಿನವನು ಕಲರ್ ಟಿವಿ ತಂದಿಟ್ಟಿದ್ದ. ಟೂರಿಸ್ಟ್ ಬಸ್ಸುಗಳೆಲ್ಲ ಅಲ್ಲೇ ನಿಲ್ಲತೊಡಗಿದವು. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ ಈಶ್ವರಯ್ಯ ಒಂದು ಡೇರೆಯಲ್ಲಿ ನರಕದ ಬೊಂಬೆಗಳನ್ನು ನೋಡಿದ. ಅದರ ಮುಂದಿನ ಜನರ ಸಾಲು ನೋಡಿ ಅಲ್ಲೇ ತೀರ್ಮಾನ ಮಾಡಿಬಿಟ್ಟ. ಲಿಂಗ ಕಟ್ಟಿದವರ ಮನೆಗೂ ಯಮನಿಗೂ ಅಷ್ಟಾಗಿ ಹೋಗಿಬರುವ ವ್ಯವಹಾರವಿಲ್ಲ. ಆದರೆ ಹೋಟೆಲಿನವನಿಗೆ ಯಾರ ಹಂಗು? ಮಗ ಚಂದ್ರಮೌಳಿ ಮೆಲ್ಲಗೆ, “ನರಕ ಯಾಕಪ್ಪ, ಸ್ವರ್ಗನೇ ಮಾಡಾನ” ಎಂದ.

“ಸ್ವರ್ಗ ನೋಡಕ್ಕೆ ಯಾವನ್ಲಾ ಬತ್ತಾನೆ? ಅಲ್ಲಿ ಏನೈತೆ, ಎಲ್ಲಾ ಸುಮ್ಕೆ ಕುಂತಿರ್ತಾರೆ. ಜನಕ್ಕೆ ಬೇರೆಯೋರು ಬೇಯೋದ ನೋಡ್ಬೇಕು ಕಣ್ಲಾ!”

ಗುಜರಿಯಿಂದ ಹಳಿ ಬಂತು. ನಾಲ್ಕು ಜನ ಕೂರುವ ಟ್ರಾಲಿ ಬಂತು. ಟ್ರಾಲಿ ತಳ್ಳುವುದಕ್ಕೆ ಚೆನ್ನಯ್ಯ ಬಂದ. ಅವನು ಊರಿನ ಪೌರಾಣಿಕ ನಾಟಕಗಳಲ್ಲಿ ಖಾಯಂ ಯಮ, ಆದ್ದರಿಂದ ಇಲ್ಲೂ ಅವನೇ ಯಮ. ಕತ್ತಲಲ್ಲಿ ಕರೀ ಅಂಗಿ ಹಾಕಿಕೊಂಡು ಟ್ರಾಲಿಯನ್ನು ಕೊನೆತನಕ ತಳ್ಳಿ, ಹಿಂಬಾಗಿಲಿನಿಂದ ಓಡಿಹೋಗಿ, ಕಿರೀಟ ಇಟ್ಟುಕೊಂಡು ಸಿಮೆಂಟಿನ ಕೋಣದ ಮೇಲೆ ಹತ್ತಿ “ಯಾರಲ್ಲಿ!” ಎಂದು ಅಬ್ಬರಿಸಬೇಕು. ನಡುವೆ ಒಂದು ಬೀಡಿ ಸೇದುವ ಅಭ್ಯಾಸ ಅವನಿಗೆ. ಅಲ್ಲಿಯವರೆಗೆ ಪಾಪಿಗಳು ಕತ್ತಲಲ್ಲಿ ಕಾಯುತ್ತಿದ್ದರು. ನರಕದ ಬೆಂಕಿ ಎಂದರೆ ಕೆಂಪು ಬಲ್ಬು, ಟೇಬಲ್ ಫ್ಯಾನು, ಫ್ಯಾನಿನ ಮುಂದೆ ಹಾರಾಡುವ ಬಣ್ಣದ ಕಾಗದ. ಕರೆಂಟು ಹೋದರೆ ಬೆಂಕಿ ಆರುತ್ತಿತ್ತು. ಹಿರೀಸಾವೆಯಲ್ಲಿ ಕರೆಂಟು ಹೋಗದ ದಿನ ಯಾವುದು?

ಬೊಂಬೆ ಮಾಡುವುದಕ್ಕೆ ನುಗ್ಗೇಹಳ್ಳಿಯಿಂದ ದೊಡ್ಡಯ್ಯನನ್ನು ಕರೆಸಿದರು. ದೇವಸ್ಥಾನದ ಗೋಪುರಗಳಿಗೆ ಸಿಮೆಂಟಿನ ದೇವತೆಗಳನ್ನು ಮಾಡಿ ಹೆಸರಾದವನು. ಅವನದೊಂದು ಕಷ್ಟವಿತ್ತು. “ದೇವ್ರ ಮುಖ ಆದ್ರೆ ಕಣ್ಮುಚ್ಕಂಡು ಮಾಡ್ತೀನಿ ಯಜಮಾನ್ರೇ. ದೇವ್ರನ್ನ ಯಾರೂ ನೋಡಿಲ್ಲ, ತಕರಾರು ಬರಾಕಿಲ್ಲ. ಪಾಪಿ ಮುಖಕ್ಕೆ ಮಾತ್ರ ಮನುಷ್ಯರೇ ಬೇಕು.” ಅದಕ್ಕಾಗಿ ದಿನಾ ಹೋಟೆಲಿನ ಮುಂದೆ ಕೂತು, ಬಂದುಹೋಗುವವರ ಮುಖ ನೋಡಿ ನೋಡಿ ಒಳಗೆ ಹೋಗಿ ತಿದ್ದುತ್ತಿದ್ದ. ತೂಕದಲ್ಲಿ ಮೋಸ ಮಾಡಿದವನು ಎಣ್ಣೆ ಕೊಪ್ಪರಿಗೆಗೆ ಬಿದ್ದ. ಅವನಿಗೆ ಎದುರು ಹೋಟೆಲಿನವನ ಮೂಗು ಬಂತು. ಹಾಲಿಗೆ ನೀರು ಬೆರೆಸಿದವನಿಗೆ, ಈಶ್ವರ ಭವನಕ್ಕೇ ಹಾಲು ಹಾಕುತ್ತಿದ್ದ ಗಂಗಯ್ಯನ ಬುರುಡೆ ತಲೆ. ಸುಳ್ಳು ಹೇಳಿದವರಿಗೆ ಒಂದು ಹಾವಿನ ಗುಂಡಿ. ಅದರಲ್ಲಿ ಮುಖಗಳು ಬಹಳ ಇದ್ದವು, ಯಾರ ಹೆಸರನ್ನೂ ಹೇಳದಿರುವುದು ಒಳ್ಳೆಯದು.

ಆ ಗುಂಡಿಯ ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. “ಅಲ್ಲಿ ಅತ್ತೆಗೆ ಎದುರು ಮಾತಾಡೋ ಸೊಸೆ ಇರ್ಲಿ” ಎಂದು ಹೇಳಿದವಳು ಮುದ್ದಮ್ಮ. ಎರಡೂ ಕಡೆ ಯಮದೂತರು ನಿಂತು, ಇಕ್ಕಳದಲ್ಲಿ ಅವಳ ನಾಲಿಗೆ ಹಿಡಿದು ಎಳೆಯಬೇಕು. ಯಾರ ಮುಖ ಅಂತ ದೊಡ್ಡಯ್ಯ ಕೇಳಿದನೋ ಇಲ್ಲವೋ, ಮುದ್ದಮ್ಮ ಏನಾದರೂ ಹೇಳಿದಳೋ ಇಲ್ಲವೋ, ಮೂರನೆಯವರಿಗೆ ತಿಳಿಯದು. ಆಗ ದಿನಾ ಹೋಟೆಲಿನ ಮುಂದೆ ಕೂತ ದೊಡ್ಡಯ್ಯನಿಗೆ ಕಾಫಿ ಕೊಂಡೊಯ್ಯುತ್ತಿದ್ದವಳು ಮಾತ್ರ ಗಂಗಾಂಬಿಕೆ.

ತೊಂಬತ್ನಾಲ್ಕರ ಬೇಸಿಗೆ ರಜೆಗೆ ನರಕ ಶುರುವಾಯಿತು. ಮೊದಲನೇ ಟ್ರಾಲಿಯಲ್ಲಿ ಮನೆಯ ಮಗ ಸೊಸೆಯೇ ಹೋಗಲಿ ಎಂದರು. ಗಂಗಾಂಬಿಕೆ ಹೊಸ ಸೀರೆ ಉಟ್ಟು ಗಂಡನ ಪಕ್ಕ ಕೂತಳು. ಎಣ್ಣೆ ಕೊಪ್ಪರಿಗೆಗೆ ನಕ್ಕಳು, ಗಂಗಯ್ಯನ ಬುರುಡೆ ಕಂಡು ಸೆರಗು ಬಾಯಿಗಿಟ್ಟುಕೊಂಡಳು, ಹಾವಿನ ಗುಂಡಿಗೆ ಗಂಡನ ತೋಳು ಹಿಡಿದಳು. ಮುಂದಿನ ಬಲ್ಬು ಹತ್ತಿತು. ಅದೇ ಅಗಲ ಹಣೆ, ಅದೇ ಗಲ್ಲದ ಮಚ್ಚೆ, ಒಂಚೂರು ಮುಂದಕ್ಕೆ ಬಂದ ಅದೇ ಹಲ್ಲು, ಹಲ್ಲಿನ ಕೆಳಗೆ ಮೊಳದುದ್ದ ನಾಲಿಗೆ. ಹಾಜರಿಯಲ್ಲಿ ಕೇಳಿಸದಿದ್ದ ಆ ಗಂಟಲಿನಿಂದ ಒಂದು ಚೀತ್ಕಾರ ಹೊರಟಿತು. ಹೊರಗೆ ಸಾಲುನಿಂತವರು, “ಏನ್ ಸೌಂಡ್ ಇಟ್ಟವ್ರಲಾ!” ಎಂದು ಮೆಚ್ಚಿ ಟಿಕೆಟ್ಟಿಗೆ ನುಗ್ಗಿದರು.

ಹೊರಗೆ ಬಂದವಳೇ ನೇರ ಅತ್ತೆಯ ಮುಂದೆ ನಿಂತಳು. “ಅತ್ತೆ, ಅಲ್ಲಿ ನನ್ನ ಮುಖ ಇಕ್ಕವ್ರೆ.”

ಮುದ್ದಮ್ಮ ಎಲೆ ಮಡಿಸುತ್ತಾ, “ಅದು ನೀನಲ್ಲ ಕಣೆ, ಯಾರೋ” ಎಂದಳು.

“ಮಚ್ಚೆ ನಂದೇ.”

“ಲೋಕದಾಗೆ ಮಚ್ಚೆ ನಿಂಗೊಬ್ಳಿಗೇನಾ? ಎದುರು ಮಾತಾಡೋರ ಮುಖ ಅದು. ನೀನೇನು ಎದುರು ಮಾತಾಡ್ತೀಯಾ?”

ಇಲ್ಲಿ ಸಿಕ್ಕಿಬಿದ್ದಳು. ಹೌದು ಎಂದರೆ ತಪ್ಪು ಒಪ್ಪಿಕೊಂಡಂತೆ. ಇಲ್ಲ, ಅದು ನಾನೇ ಎಂದು ವಾದಿಸಿದರೆ ಅದೇ ಎದುರು ಮಾತು. ಹಾಲಿನ ಗಂಗಯ್ಯನಿಗೂ ಇದೇ ಆಗಿತ್ತು. ಅವನು ಕೂಗಾಡಿಕೊಂಡು ಬಂದಾಗ ಈಶ್ವರಯ್ಯ, “ಅಂಗಾರೆ ನೀರು ಆಕ್ತಿರದು ನಿಜ ಅಂತಾಯ್ತು” ಎಂದದ್ದೇ, ಗಂಗಯ್ಯ ತೆಪ್ಪಗೆ ಕ್ಯಾನು ಎತ್ತಿಕೊಂಡು ಹೋಗಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಆಗುವುದು ಬೇಡವೆಂದು ಊರಿನ ಪಾಪಿಗಳೆಲ್ಲ ತಮ್ಮ ತಮ್ಮ ಮುಖವನ್ನು ನೋಡಿಯೂ ನೋಡದವರಂತೆ ಬಂದುಹೋಗುತ್ತಿದ್ದರು.

ಆದರೆ ಅವರು ಗಂಡಸರು, ದಕ್ಕಿಸಿಕೊಂಡರು. ಗಂಗಾಂಬಿಕೆಗೆ ದಕ್ಕಲಿಲ್ಲ. ಅರಕಲಗೂಡಿನ ಜನ ಟೂರು ಬಂದು, ನೋಡಿ, ಊರಿಗೆ ಹೋಗಿ ಅವಳ ತಾಯಿಗೆ “ನಿಮ್ಮ ಗಂಗಾ ನರಕದಲ್ಲವ್ಳೆ ಕಣವ್ವ, ಚೆನ್ನಾಗವ್ಳೆ” ಎಂದು ವರದಿ ಒಪ್ಪಿಸಿದರು. ಅವಳ ತಂಗಿಯನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ದಾರಿಯಲ್ಲಿ ಇಡ್ಲಿ ತಿಂದು, ಟ್ರಾಲಿ ಹತ್ತಿ ಇಳಿದು, “ಅಕ್ಕನ ನಾಲಿಗೆ ಅಷ್ಟುದ್ದ ಇದ್ರೆ ತಂಗೀದು ಎಷ್ಟಿರಬೇಕು” ಎಂದು ಸಂಬಂಧ ಬಿಟ್ಟರು. ಅವತ್ತು ಗಂಗಾಂಬಿಕೆ ರುಬ್ಬುವ ಕಲ್ಲಿನ ಮುಂದೆ ಕೂತು ಅತ್ತಳು. ಅವಳಿಗೆ ಬೇಕಾಗಿದ್ದದ್ದು ಬಹಳವೇನಲ್ಲ. ಮುದ್ದಮ್ಮ ಒಂದು ಸಲ, ಅವಳ ಎದುರಿಗೆ, ‘ಅದು ನೀನೇ, ಮಾಡಿಸಿದವಳು ನಾನೇ, ತಪ್ಪಾಯಿತು’ ಅನ್ನಬೇಕು. ಗಂಡನನ್ನು ಕೇಳಿದರೆ ಅವನು “ಅವ್ವನ ಕೇಳು” ಎನ್ನುತ್ತಿದ್ದ. ಅವ್ವನನ್ನು ಕೇಳಿದರೆ “ಅದು ನೀನಲ್ಲ ಕಣೆ.”

ಅಳು ನಿಂತ ಮೇಲೆ ಅವಳಿಗೊಂದು ಲೆಕ್ಕ ಹೊಳೆಯಿತು. ನಾಲಿಗೆ ಕಿತ್ತಾಯಿತು. ಊರೂರು ನೋಡಿಯಾಯಿತು. ಶಿಕ್ಷೆ ಪೂರ್ತಿ ಆದಮೇಲೆ ತಪ್ಪನ್ನು ಮಾತ್ರ ಮಾಡದೆ ಬಿಟ್ಟರೆ ನಷ್ಟ ಯಾರಿಗೆ?

ಮಾರನೇ ಬೆಳಿಗ್ಗೆ ಮುದ್ದಮ್ಮ “ಸಾರಿಗೆ ಉಪ್ಪು ಜಾಸ್ತಿ” ಎಂದಾಗ, ಗಂಗಾಂಬಿಕೆ “ನಿಮ್ಮ ಬಾಯಿಗೆ ಏನಿಕ್ಕಿದರೂ ಜಾಸ್ತಿನೇ” ಎಂದಳು. ಗಲ್ಲಾದಲ್ಲಿ ಈಶ್ವರಯ್ಯನ ಕೈಯಿಂದ ಚಿಲ್ಲರೆ ಬಿತ್ತು. ಮುದ್ದಮ್ಮ “ಏನಂದೆ?” ಎಂದಳು. “ನಾನಲ್ಲ ಅತ್ತೆ, ಯಾರೋ” ಎಂದಳು ಸೊಸೆ.

ಅಲ್ಲಿಂದ ಮುಂದೆ ಈಶ್ವರ ಭವನಕ್ಕೆ ಆಚೆ ಬದಿಯ ಟಿವಿಯ ಹೆದರಿಕೆ ಉಳಿಯಲಿಲ್ಲ. ಅತ್ತೆ ಸೊಸೆಯ ಮಾತು ಕೇಳುವುದಕ್ಕೇ ಡ್ರೈವರುಗಳು ಇಲ್ಲಿ ಗಾಡಿ ನಿಲ್ಲಿಸಿ ಎರಡನೇ ಕಾಫಿ ತರಿಸುತ್ತಿದ್ದರು. ಅವಳನ್ನು ನರಕದ ಬಾಗಿಲಿಗೆ ಟಿಕೆಟ್ಟು ಹರಿಯಲು ಕೂರಿಸಿದ್ದು ಈಶ್ವರಯ್ಯನ ವ್ಯಾಪಾರ ಬುದ್ಧಿ. ಒಳಗೆ ನೋಡಿದ ಮುಖ ಹೊರಗೆ ಸ್ಟೂಲಿನ ಮೇಲೆ ಕೂತಿರುವುದನ್ನು ಕಂಡು ಜನ ಬೆಚ್ಚುತ್ತಿದ್ದರು. “ಅಯ್ಯೋ, ಒಳಗಿರೋರು ನೀವೇ ಅಲ್ವಾ?” ಎಂದರೆ, “ಊಂ, ಊಟಕ್ಕೆ ಬಿಟ್ಟವ್ರೆ” ಎನ್ನುತ್ತಿದ್ದಳು. ಒಬ್ಬ ಹಲ್ಲುಗಿಂಜಿ “ನಾಲಿಗೆ ಮತ್ತೆ ಬೆಳೀತಾ?” ಎಂದ. “ನಿಮ್ಮಂಥೋರು ದಿನಾ ಬತ್ತಿದ್ರೆ ಬೆಳೀದೆ ಇರ್ತದಾ” ಎಂದಳು. ಅವನ ಹೆಂಡತಿ ಬಸ್ಸಿನವರೆಗೂ ನಗುತ್ತಾ ಹೋದಳು.

ಮುದ್ದಮ್ಮ ಮಾತ್ರ ಗೋಡೌನಿನ ಒಳಗೆ ಕಾಲಿಟ್ಟವಳಲ್ಲ. ಉಬ್ಬಸ ಎನ್ನುತ್ತಿದ್ದಳು. ನಿಜವೇನೆಂದರೆ ಮನೆಯಲ್ಲಿ ನರಕವನ್ನು ನಂಬಿದ್ದವಳು ಅವಳೊಬ್ಬಳೇ. ಮಿಕ್ಕವರಿಗೆ ಅದು ಸಿಮೆಂಟು, ಅವಳಿಗೆ ಅಡ್ರೆಸ್ಸು.

ಹೀಗೇ ವರ್ಷಗಳು ಉರುಳಿದವು. ಮಗಳು ಮಾನ್ಯ ಹುಟ್ಟಿದಳು, ಶಾಲೆಗೆ ಸೇರಿದಳು. ಒಂದು ದಿನ ಟ್ರಾಲಿ ಇಳಿದು ಬಂದವಳು, “ಅಮ್ಮಾ, ನೀನು ಏನ್ ತಪ್ಪು ಮಾಡ್ದೆ?” ಎಂದು ಕೇಳಿದಳು. ದಾರಿಹೋಕರಿಗೆಲ್ಲ ಉತ್ತರ ಕೊಡುತ್ತಿದ್ದವಳು ಮಗುವಿನ ಕೈಗೆ ಹರಿದ ಟಿಕೆಟ್ಟಿನ ಚೂರು ಕೊಟ್ಟು ಆಟಕ್ಕೆ ಕಳಿಸಿದಳು. ಗಂಗಾಂಬಿಕೆಗೆ ತನ್ನ ಮೇಲೇ ಕನಿಕರ ಬಂತು. ನಗಿಸಿ ನಗಿಸಿ ತಾನೇ ಮರೆತಿದ್ದ ನೋವು ಹಾಗೇ ಇತ್ತು.

ಎರಡು ಸಾವಿರದ ಮೂರರಲ್ಲಿ ಹೊಳೆನರಸೀಪುರದಿಂದ ಹಂಸ ಟೀಚರು ಬಂದರು. ಹೈಸ್ಕೂಲು ಹುಡುಗಿಯರನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ಯುತ್ತಾ ತಿಂಡಿಗೆ ನಿಲ್ಲಿಸಿದ್ದರು. ದೇವಸ್ಥಾನದ ಬೀದಿಯ ಮನೆತನ, ನಯವಾದ ಮಾತು, ಆದರೆ ಹಿಡಿದದ್ದು ಬಿಡುವವರಲ್ಲ. ಟ್ರಾಲಿ ಇಳಿದವರ ಮುಖ ಕೆಂಪಗಾಗಿತ್ತು.

“ಯಜಮಾನರೇ, ನಿಮ್ಮ ನರಕದಲ್ಲಿ ಗಂಡಸರ ಪಾಪವೆಲ್ಲ ಅಂಗಡಿಯಲ್ಲಿ ಮಾಡಿದ್ದು, ಹೆಂಗಸರ ಪಾಪವೆಲ್ಲ ಮನೆಯಲ್ಲಿ ಮಾಡಿದ್ದು. ಗಂಡನಿಗಿಂತ ಮೊದಲು ಉಂಡವಳು, ಹೊಸ್ತಿಲ ಮೇಲೆ ಕೂತವಳು, ಅತ್ತೆಗೆ ಎದುರಾಡಿದವಳು. ಹೆಂಡತಿಗೆ ಹೊಡೆದವನು ಎಲ್ಲಿದಾನೆ?”

ಈಶ್ವರಯ್ಯ ಗಲ್ಲಾದಿಂದ ತಲೆ ಎತ್ತಿದ. “ಅವ್ರನ್ನೆಲ್ಲಾ ಇಕ್ಕಿದ್ರೆ ಗೋಡೌನ್ ಸಾಲಕ್ಕಿಲ್ಲ ಮೇಡಂ.”

ಹುಡುಗಿಯರು ಕಿಸಕ್ಕೆಂದರು. ಹಂಸ ನಗಲಿಲ್ಲ. ಇದನ್ನು ಬದಲಾಯಿಸುವವರೆಗೆ ನಮ್ಮ ಮಕ್ಕಳನ್ನು ಇಲ್ಲಿಗೆ ತರುವುದಿಲ್ಲ ಎಂದು ಹೇಳಿ ಹೋದರು. ಟೀಚರುಗಳ ಬಾಯಿ ಎಂದರೆ ಸಾಮಾನ್ಯವೇ? ಒಂದು ವರ್ಷ ತುಂಬುವುದರೊಳಗೆ ಹಾಸನ, ಅರಕಲಗೂಡು ಕಡೆಯ ಶಾಲಾ ಬಸ್ಸುಗಳು ಈಶ್ವರ ಭವನ ಬಂದಾಗ ವೇಗ ಹೆಚ್ಚಿಸತೊಡಗಿದವು. ಚಂದ್ರಮೌಳಿ ಹೆದರಿ, ಹೊಳೆನರಸೀಪುರಕ್ಕೇ ಹೋಗಿ ಟೀಚರನ್ನು ಕೈಮುಗಿದು ಕರೆತಂದ. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ನರಕದ ತಿದ್ದುಪಡಿಗೆ ಸಭೆ ಕೂಡಿತು.

ಈಶ್ವರಯ್ಯ ಮೊದಲೇ ಸಾರಿದ. “ಸರ್ಕಾರ ಬದ್ಲಾಯ್ತದೆ, ನರಕ ಬದ್ಲಾಯ್ತದಾ? ಹಿಂದ್ಲಿಂದ ಬಂದದ್ದು.”

“ಹಿಂದ್ಲಿಂದ ಎಲ್ಲಪ್ಪ, ತೊಂಬತ್ನಾಕ್ರಿಂದ” ಎಂದ ಚಂದ್ರಮೌಳಿ. “ಇಡ್ಲಿ ಹಳಸಿದ್ರೆ ಎಸೀತೀವಿ. ಇದನ್ನೂ ಅಂಗೇ ಮಾಡಾನ. ಪ್ಲಾಸ್ಟಿಕ್ ಎಸೆಯೋರ್ನ ಇಕ್ಕಾನ, ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡೋರ್ನ ಇಕ್ಕಾನ.”

“ಹೆಲ್ಮೆಟ್ ಆಕ್ದೇ ಇರೋರ್ನೂ ಇಕ್ಕಿ” ಎಂದ ಬಾಗಿಲ ಬಳಿ ನಿಂತಿದ್ದ ಚೆನ್ನಯ್ಯ. “ನೀನು ಆಕ್ತೀಯೇನ್ಲಾ?” ಎಂದು ಈಶ್ವರಯ್ಯ ಗದರಿದ. “ನಂಗ್ಯಾಕೆ, ನಾನು ಯಮ” ಎಂದ ಅವನು.

“ಮೇಡಂ, ಇರೋ ಪಾಪ ಎಲ್ಲಾ ತೆಗೆದು ನಿಮ್ಮ ಇಸ್ಕೂಲ್ ಪಾಠ ತುಂಬಿದ್ರೆ ಯಾವನೂ ಹೆದ್ರಾಕಿಲ್ಲ” ಎಂದು ಈಶ್ವರಯ್ಯ ಮತ್ತೆ ಶುರು ಮಾಡಿದ. “ಹೆದ್ರಿಕೆ ಇಲ್ದಿರೋ ನರಕ ಬಸ್ ಸ್ಟ್ಯಾಂಡ್ ಇದ್ದಂಗೆ.”

“ಹೆದರಲಿ ಯಜಮಾನರೇ, ಬೇಡ ಅನ್ನಲಿಲ್ಲ. ಯಾರು ಹೆದರಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ” ಎಂದರು ಹಂಸ. ಅವರ ಯೋಜನೆ ಸ್ಪಷ್ಟವಿತ್ತು. ಮೊದಲು ಉಂಡವಳು ಎದ್ದು ಹೋಗಲಿ, ಅಲ್ಲಿ ವರದಕ್ಷಿಣೆ ಕೇಳಿದವನು ಬರಲಿ. ಹೊಸ್ತಿಲವಳ ಜಾಗಕ್ಕೆ ಹೆಂಡತಿಗೆ ಹೊಡೆದವನು. “ಇನ್ನು ಆ ನಾಲಿಗೆ ಕೀಳೋದು. ಅದನ್ನಂತೂ ತೆಗೀಲೇಬೇಕು. ಆ ಜಾಗದಲ್ಲಿ ಸೊಸೆಗೆ ಹಿಂಸೆ ಕೊಟ್ಟ ಅತ್ತೆಯನ್ನ ನಿಲ್ಲಿಸಿ.”

ಎಲ್ಲರೂ ಒಪ್ಪಿಕೊಂಡಂತೆ ತಲೆಯಾಡಿಸಿದರು. ಮೂಲೆಯಲ್ಲಿ ಕೂತಿದ್ದ ದೊಡ್ಡಯ್ಯ, ಈಗ ಅವನ ತಲೆಯೂ ನೆರೆತಿತ್ತು, ಗಂಟಲು ಸರಿಮಾಡಿಕೊಂಡ. “ಮಾಡಿಕೊಡ್ತೀನಿ. ಮುಖಕ್ಕೆ ಒಬ್ರು ಬೇಕು.” ಹಾಗೆಂದವನ ಕಣ್ಣು ಅಭ್ಯಾಸಬಲದಿಂದ ತಿರುಗಿ ಮುದ್ದಮ್ಮನ ಮೇಲೆ ನಿಂತಿತು. ಹಣೆ ಅಳೆಯಿತು, ಮೂಗು ಅಳೆಯಿತು. ಅದರ ಹಿಂದೆಯೇ ಮಿಕ್ಕವರ ಕಣ್ಣೂ ಹೋಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಮುದ್ದಮ್ಮ ಸೆರಗೆಳೆದು ಮುಖ ಮುಚ್ಚಿಕೊಂಡಳು. “ಆ ಕತ್ಲೇಲಿ ನನ್ನ ಇಕ್ಬ್ಯಾಡ್ರಪ್ಪಾ” ಎಂದು ಮೆಲ್ಲಗೆ ಅಂದದ್ದು ಪಕ್ಕದಲ್ಲಿದ್ದ ಗಂಗಾಂಬಿಕೆಗೆ ಮಾತ್ರ ಕೇಳಿಸಿತು.

ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಹೂಂ ಅಂದರೆ ಸಾಕು. ಬಾಯಿ ಬಿಡುವುದೂ ಬೇಡ, ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರುವುದನ್ನು ಅವಳು ಮರೆತು ಬಹಳ ಕಾಲವಾಗಿತ್ತು. ಸೆರಗಿನ ಹಿಂದೆ ಅವಿತ ಆ ಮುದುಕಿಯನ್ನು ನೋಡಿ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಅದಕ್ಕೇ ಸಿಟ್ಟು ಬಂತು. “ಬ್ಯಾಡ” ಎಂದಳು ಜೋರಾಗಿ. “ಇವ್ರನ್ನ ಅಲ್ಲಿ ನಿಲ್ಲಿಸ್ಬ್ಯಾಡಿ.”

“ಯಾಕಮ್ಮಾ?” ಎಂದರು ಹಂಸ ಬೆರಗಾಗಿ.

“ಅಲ್ಲಿಗೂ ನನ್ನ ಜಾಗಕ್ಕೇ ಬರ್ಬೇಕಾ ನಮ್ಮತ್ತೆ? ಇಲ್ಲಿ ಅಡಿಗೆ ಮನೇಲಿ ಕಿತ್ಕಂಡಿದ್ದು ಸಾಲ್ದಾ? ನನ್ನ ಅಲ್ಲಿಂದ ಬಿಡ್ಸಿ, ಅಷ್ಟೇ ಸಾಕು.”

ಫ್ಯಾಮಿಲಿ ರೂಮು ನಗೆಯಲ್ಲಿ ಮುಳುಗಿತು. ಹಂಸ ಟೀಚರು ಕೂಡ ಕರ್ಚೀಫು ತೆಗೆದರು. ಮುದ್ದಮ್ಮನ ಸೆರಗು ಮಾತ್ರ ಮುಖದ ಮೇಲೇ ಇತ್ತು.

ಬಿಡಿಸುವುದು ಅಷ್ಟು ಸುಲಭವಾಗಲಿಲ್ಲ. ಹತ್ತು ವರ್ಷದ ಹಿಂದೆ ದೊಡ್ಡಯ್ಯ ನಾಲಿಗೆ ಗಟ್ಟಿಯಾಗಿರಲಿ ಎಂದು ಅದರೊಳಗೆ ಕಬ್ಬಿಣದ ಸರಳು ಹಾಕಿ, ಸರಳನ್ನು ತಲೆಯಿಂದ ಹಾಯಿಸಿ, ಹಿಂದಿದ್ದ ಗೋಡೌನಿನ ಕಂಬಕ್ಕೇ ಕಟ್ಟಿ ಸಿಮೆಂಟು ಮೆತ್ತಿದ್ದ. ಬೊಂಬೆ ಒಡೆದರೆ ಕಂಬ ಹೋಗುತ್ತದೆ, ಕಂಬ ಹೋದರೆ ಚಾವಣಿ. ಎರಡು ಏಟು ಹಾಕಿದ್ದಕ್ಕೇ ಮೇಲಿನಿಂದ ಹೆಂಚು ಬಿತ್ತು. “ಇವ್ಳ ನಾಲಿಗೆ ಮೇಲೆ ನಿಂತೈತೆ ಯಜಮಾನ್ರೇ ನಿಮ್ಮ ನರಕ” ಎಂದು ದೊಡ್ಡಯ್ಯ ಉಳಿ ಕೆಳಗಿಟ್ಟ. ಕೊನೆಗೆ ಇಕ್ಕಳಗಳನ್ನು ಮಾತ್ರ ಕತ್ತರಿಸಿ ತೆಗೆದ. ಇಕ್ಕಳ ಹೋದಮೇಲೆ ಯಮದೂತರ ಕೈಗಳು ಗಾಳಿಯಲ್ಲಿ ಅಸಹ್ಯವಾಗಿ ಉಳಿದವು. ಅವನ್ನು ಒಂದಕ್ಕೊಂದು ಹತ್ತಿರ ತಂದು ಮೆತ್ತಿದ. ಬೊಂಬೆಯ ಕೆಳಗಿದ್ದ ‘ಅತ್ತೆಗೆ ಎದುರಾಡಿದ ಸೊಸೆ’ ಎಂಬ ಬೋರ್ಡು ತೆಗೆದರು. ಸಪ್ಪೆಯಾಗಿ ಕಾಣಬಾರದೆಂದು ಸೀರೆಗೆ ಕೆಂಪು ಬಣ್ಣ ಹೊಡೆದ.

ಹೆಂಡತಿಗೆ ಹೊಡೆದವನಿಗೆ ಮುಖ ಕೊಡಲು ಊರಿನಲ್ಲಿ ಯಾರೂ ಹೋಟೆಲಿನ ಮುಂದೆ ಬಂದು ಕೂರಲಿಲ್ಲ. ದೊಡ್ಡಯ್ಯ ಬೇಸತ್ತು ಆ ಬೊಂಬೆಯ ಮುಖಕ್ಕೆ ಒಂದು ಟವೆಲು ಹೊದಿಸಿದ. ಅದನ್ನು ನೋಡಿ ಎಷ್ಟೋ ಗಂಡಸರು ಟವೆಲು ಹೆಗಲಿಗೆ ಹಾಕುವುದನ್ನೇ ಬಿಟ್ಟರು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಮಾತು ನಿಜವಾದದ್ದು ಹೊಸ ನರಕ ತೆರೆದ ಮೇಲೆ. ಬಲ್ಬು ಹತ್ತಿದರೆ ಕಂಡದ್ದೇನು? ಕೆಂಪು ಸೀರೆ, ಅಗಲ ಹಣೆ, ಮೊಳದುದ್ದ ನಾಲಿಗೆ ಚಾಚಿ ನಿಂತ ಹೆಂಗಸು. ಎಡಬಲದಲ್ಲಿ ಕೈಮುಗಿದು ನಿಂತ ಇಬ್ಬರು ರಾಕ್ಷಸರು. ಮಂಡ್ಯ ಕಡೆಯ ಒಂದು ಬಸ್ಸಿನ ಹೆಂಗಸರು ಟ್ರಾಲಿ ನಿಲ್ಲಿಸಿ ಎಂದು ಕೂಗಿದರು. “ಅಮ್ಮ ಕಣ್ರೇ!” ಎಂದು ಒಬ್ಬಳು ಕೆನ್ನೆ ಬಡಿದುಕೊಂಡಳು. ಇನ್ನೊಬ್ಬಳು ಚೀಲದಲ್ಲಿದ್ದ ತೆಂಗಿನಕಾಯನ್ನು ಹಳಿಯ ಮೇಲೇ ಒಡೆದಳು. ನರಕದಲ್ಲಿ ದೇವರು ಹೇಗೆ ಬಂದಳು ಎಂದು ಯಾರೂ ಕೇಳಲಿಲ್ಲ. ಪಾಪಿಗಳನ್ನು ಬಿಡಿಸಲು ಬಂದವಳು ಎಂದು ಅವರೇ ಹೇಳಿಕೊಂಡರು. ತಿಂಗಳೊಳಗೆ ಅರಿಶಿನ ಬಂತು, ಕುಂಕುಮ ಬಂತು, ಹಸಿರು ಬಳೆ ಬಂತು. ಅತ್ತೆ ಕಾಟವಿದ್ದವರು ಹರಕೆ ಹೊತ್ತರೆ ಕೈಗೂಡುತ್ತದೆ ಎಂದು ಶುಕ್ರವಾರ ಶುಕ್ರವಾರ ಸೊಸೆಯರ ಸಾಲು ನಿಂತಿತು. ಜನ ಮರುಳೋ ಜಾತ್ರೆ ಮರುಳೋ! ಯಮನಾದ ಚೆನ್ನಯ್ಯ ಕೋಣದ ಮೇಲಿಂದ “ಯಾರಲ್ಲಿ” ಎಂದರೆ, “ಸ್ವಲ್ಪ ತಡಿಯಪ್ಪ, ಮಂಗಳಾರತಿ ಆಗ್ಲಿ” ಎಂಬ ಉತ್ತರ ಬರುತ್ತಿತ್ತು.

ಮತ್ತೆ ಹುಡುಗಿಯರನ್ನು ಕರೆತಂದ ಹಂಸ ಟೀಚರು ಒಳಗೆ ಹೋಗಿ ಬಂದು, ಸ್ಟೂಲಿನ ಮುಂದೆ ನಿಂತು, “ನಾನು ಹೇಳಿದ್ದು ಇದಲ್ಲಮ್ಮ” ಎಂದರು.

“ನಾನು ಕೇಳಿದ್ದೂ ಇದಲ್ಲ ಮೇಡಂ” ಎಂದಳು ಗಂಗಾಂಬಿಕೆ.

ಅದು ನಿಜವೇ ಆಗಿತ್ತು. ಜನ ಅವಳ ಮುಖಕ್ಕೆ ಕರ್ಪೂರ ಬೆಳಗುತ್ತಿದ್ದರು, ಅವಳ ಅತ್ತೆ ಮಾತ್ರ ಇವತ್ತಿಗೂ ಆ ಮಾತು ಎತ್ತಿರಲಿಲ್ಲ. ಸಭೆಯ ದಿನದ ಬಗ್ಗೆ ಕೂಡ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಉಪ್ಪಿನ ಜಗಳ ಸ್ವಲ್ಪ ಕಮ್ಮಿಯಾಗಿತ್ತು, ಅಷ್ಟೇ.

ಒಂದು ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತಿಗೆ ಟ್ರಾಲಿ ನಿಲ್ಲಿಸಿದ್ದಾಗ, ಗಂಗಾಂಬಿಕೆ ಹಳಿಯ ಮೇಲಿನ ಕಾಯಿ ಚಿಪ್ಪು ಗುಡಿಸಲು ಒಳಗೆ ಹೋಗಿದ್ದಳು. ಹಾವಿನ ಗುಂಡಿಯ ಹಿಂದೆ ಬಗ್ಗಿದ್ದವಳಿಗೆ ಹೆಜ್ಜೆ ಸದ್ದು ಕೇಳಿತು. ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಾ, ಒಂದು ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುದ್ದಮ್ಮ ಬರುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಎಣ್ಣೆ ಕೊಪ್ಪರಿಗೆಯ ಕಡೆ ಕಣ್ಣು ಮುಚ್ಚಿಕೊಂಡಳು, ಕೋಣದ ಕಡೆ ನೋಡಲೇ ಇಲ್ಲ. ನೇರ ಬೊಂಬೆಯ ಮುಂದೆ ನಿಂತಳು. ಹಣೆಗೆ ಕುಂಕುಮ ಇಟ್ಟಳು. ಗಲ್ಲದ ಮಚ್ಚೆಯನ್ನು ಬೆರಳಿನಿಂದ ಒಂದು ಸಲ ಮುಟ್ಟಿದಳು.

“ಗಂಗಾ” ಎಂದಳು. “ಅವತ್ತಿನ ಚಟ್ನಿ ನೀನೇ ಅರೆದಿದ್ದು ಕಣವ್ವ. ನಂಗೊತ್ತಿತ್ತು. ಅಷ್ಟು ಜನದ ಮುಂದೆ ಅಂದ್ಬುಟ್ಟೆಯಲ್ಲ ಅಂತ ಒಟ್ಟೆ ಉರೀತು. ನಿನ್ನ ಮುಖ ಇಕ್ಕು ಅಂತ ದೊಡ್ಡಯ್ಯಂಗೆ ಯೋಳ್ದೋಳು ನಾನೇ. ಆ ಸಭೆ ದಿನ ನೀನು ನನ್ನ ಕೈ ಬಿಡ್ನಿಲ್ಲ. ತಪ್ಪಾಯ್ತು ಕಣವ್ವ, ಒಟ್ಟೇಗೆ ಆಕ್ಕೊ.”

ಗುಂಡಿಯ ಹಿಂದೆ ಪೊರಕೆ ಹಿಡಿದು ಕೂತವಳಿಗೆ ಒಂದೊಂದು ಮಾತೂ ಕೇಳಿಸಿತು. ಎದ್ದು ನಿಂತು ‘ಈಗ ಯೋಳಿ ನೋಡಾನ’ ಅನ್ನಬಹುದಿತ್ತು. ಅಮ್ಮನ ದನಿ ತೆಗೆದು ಮುದುಕಿಯನ್ನು ಹೆದರಿಸಿ ಓಡಿಸಬಹುದಿತ್ತು. ಅದೂ ಹೊಳೆಯದೆ ಇರಲಿಲ್ಲ. ಯಾವುದನ್ನೂ ಮಾಡಲಾರದೆ ಸುಮ್ಮನೆ ಅತ್ತಳು.

ಅಷ್ಟರಲ್ಲಿ ಹೊರಗೆ ಗಂಟೆ ಹೊಡೆಯಿತು. ಊಟ ಮುಗಿಸಿದ ಚೆನ್ನಯ್ಯ ಜನರನ್ನು ಕೂರಿಸಿಕೊಂಡು ಟ್ರಾಲಿ ತಳ್ಳಿಬಿಟ್ಟಿದ್ದ. ಹಳಿ ಗಡಗಡ ಎಂದಿತು. ಮುದ್ದಮ್ಮ ಹಳಿಯ ನಡುವೆಯೇ ನಿಂತಿದ್ದಳು. ಗಂಗಾಂಬಿಕೆ ಪೊರಕೆ ಬಿಸಾಡಿ ಓಡಿಬಂದು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಟ್ರಾಲಿಯವರು ಬೊಂಬೆಯನ್ನೂ ಅದೇ ಮುಖದ ಜೀವಂತ ಹೆಂಗಸನ್ನೂ ಒಟ್ಟಿಗೇ ಕಂಡು ಕಿಟಾರನೆ ಕಿರುಚಿಕೊಂಡು ಮುಂದಕ್ಕೆ ಹೋದರು.

“ನೀನು ಯಾವಾಗ ಬಂದೆ?” ಎಂದಳು ಮುದ್ದಮ್ಮ.

“ಈಗ್ಲೇ ಬಂದೆ ಅತ್ತೆ.”

ಮುದ್ದಮ್ಮ ಅವಳ ಒದ್ದೆ ಮುಖ ನೋಡಿದಳು. ಬೊಂಬೆಯ ಮುಖ ನೋಡಿದಳು. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಅದು ನೀನಲ್ಲ ಕಣೆ” ಎಂದಳು.

“ಅಲ್ಲ ಅತ್ತೆ” ಎಂದಳು ಗಂಗಾಂಬಿಕೆ. “ನಾನಲ್ಲ, ಯಾರೋ.”

ಸುಳ್ಳು ಹೇಳಿದವರ ಹಾವಿನ ಗುಂಡಿ ಪಕ್ಕದಲ್ಲೇ ಇತ್ತು. ಇಬ್ಬರೂ ಕೈ ಹಿಡಿದುಕೊಂಡು ಅದನ್ನು ಬಳಸಿಕೊಂಡು ಹೊರಗೆ ಬಂದರು.